ರೂಮರ್ಸ್ ಆಲ್ಬಮ್ಮಿನ ಜಗಳದಲ್ಲಿ ತಪ್ಪು ಯಾರದು? ಮುರಿದ ಪ್ರೀತಿಯ ರಾಕ್ ಹಾಡುಗಳ ಬಗ್ಗೆ ಮಾತಾಡೋಣ ಬನ್ನಿ

ಆರನೇ ತಂತಿ, ದಾವಣಗೆರೆ

ಫ್ಲೀಟ್‌ವುಡ್ ಮ್ಯಾಕ್ ತಂಡದ ‘ಗೋ ಯುವರ್ ಓನ್ ವೇ’ ಕೇಳಿದ ನಮ್ಮ ಹುಡುಗರೆಲ್ಲ ಒಂದೇ ತೀರ್ಪು ಕೊಡುತ್ತಾರೆ. ಅವಳು ಕೈಕೊಟ್ಟಳು, ಪಾಪ ಅವನು. ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಇದೇ ವಿಷಯಕ್ಕೆ ಗಂಟೆಗಟ್ಟಲೆ ವಾದ ಆಗಿದೆ. ನನಗೆ ಆ ತೀರ್ಪು ಒಪ್ಪಿಗೆ ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪ್ರೀತಿ ಮುರಿದ ಮೇಲೆ ಬರೆದ ಹಾಡು ಅಂದರೆ ಒಬ್ಬರ ಹೇಳಿಕೆ. ಎದುರಿನವರು ಏನು ಹೇಳುತ್ತಿದ್ದರೋ ನಮಗೆ ಕೇಳಿಸುವುದಿಲ್ಲ. ಆದರೆ ಈ ಒಂದು ಆಲ್ಬಮ್ಮಿನಲ್ಲಿ ಕೇಳಿಸುತ್ತದೆ. 1977ರ ಫೆಬ್ರುವರಿಯಲ್ಲಿ ಬಂದ ‘ರೂಮರ್ಸ್’ ಮಾಡುವಾಗ ತಂಡದಲ್ಲಿದ್ದ ಐದೂ ಜನರ ಸಂಸಾರ ಕೆಟ್ಟಿತ್ತು. ಗಿಟಾರಿನ ಲಿಂಡ್ಸೆ ಬಕಿಂಗ್‌ಹ್ಯಾಮ್, ಗಾಯಕಿ ಸ್ಟೀವಿ ನಿಕ್ಸ್ ವರ್ಷಗಟ್ಟಲೆ ಜೊತೆಗಿದ್ದು ಬೇರೆಯಾಗುತ್ತಿದ್ದರು. ಬೇಸ್ ನುಡಿಸುವ ಜಾನ್ ಮ್ಯಾಕ್‌ವೀ, ಕೀಬೋರ್ಡಿನ ಕ್ರಿಸ್ಟೀನ್ ಮ್ಯಾಕ್‌ವೀ ಗಂಡ ಹೆಂಡತಿ, ಅವರೂ ಬೇರೆ. ಡ್ರಮ್ಮಿನ ಮಿಕ್ ಫ್ಲೀಟ್‌ವುಡ್ ಮದುವೆಯೂ ಮುರಿಯುತ್ತಿತ್ತು. ಆದರೂ ದಿನಾ ಅದೇ ಸ್ಟುಡಿಯೋಗೆ ಬಂದು ಒಬ್ಬರ ಹಾಡಿಗೆ ಇನ್ನೊಬ್ಬರು ನುಡಿಸಬೇಕಿತ್ತು.

‘ಗೋ ಯುವರ್ ಓನ್ ವೇ’ ಲಿಂಡ್ಸೆ ಬರೆದದ್ದು. ಅದರಲ್ಲಿ ಸ್ಟೀವಿಯ ನಡತೆಯ ಬಗ್ಗೆ ಒಂದು ಚುಚ್ಚುಮಾತು ಇದೆ. ಅದು ಸುಳ್ಳು, ತೆಗೆದುಹಾಕು ಅಂತ ಸ್ಟೀವಿ ಕೇಳಿದರು. ಲಿಂಡ್ಸೆ ತೆಗೆಯಲಿಲ್ಲ. ಈಗ ಹಾಡಿನ ಕೋರಸ್ ಇನ್ನೊಮ್ಮೆ ಕೇಳಿ. ಹಿಂದಿನಿಂದ ಬರುವ ದನಿಗಳಲ್ಲಿ ಸ್ಟೀವಿ ದನಿಯೂ ಇದೆ. ತನ್ನ ಮೇಲೆ ಬಂದ ಆಪಾದನೆಗೆ ತಾನೇ ದನಿಗೂಡಿಸಿದ್ದಾರೆ. ಸ್ಟುಡಿಯೋದಲ್ಲಿ ಒಂದು ಸಲ ಅಲ್ಲ, ಆಮೇಲೆ ವರ್ಷಗಟ್ಟಲೆ ವೇದಿಕೆ ಮೇಲೆ ಕೂಡ. ಇದು ಗೊತ್ತಾದ ಮೇಲೆ ಆ ಕೋರಸ್ ನನಗೆ ಬರೀ ಸಿಟ್ಟಿನ ಹಾಡಾಗಿ ಕೇಳುತ್ತಿಲ್ಲ.

ಸ್ಟೀವಿಯ ಉತ್ತರ ‘ಡ್ರೀಮ್ಸ್’. ಕ್ಯಾಲಿಫೋರ್ನಿಯಾದ ಸಾಸಲಿಟೋದಲ್ಲಿದ್ದ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದ ಇನ್ನೊಂದು ಕೋಣೆಯಲ್ಲಿ ಒಬ್ಬರೇ ಕೂತು ಹತ್ತೇ ನಿಮಿಷದಲ್ಲಿ ಬರೆದರಂತೆ. ವಿಷಯ ಅದೇ, ದನಿ ಬೇರೆ. ಅವನು ಕೂಗುತ್ತಾನೆ, ಇವಳು ಮೆಲ್ಲಗೆ ಎಚ್ಚರಿಸುತ್ತಾಳೆ. ನಿನಗೆ ಬೇಕಾದ ಬಿಡುಗಡೆ ತಗೋ, ಆಮೇಲೆ ಒಂಟಿತನ ಬಂದಾಗ ಕಳೆದುಕೊಂಡದ್ದು ಏನು ಅಂತ ನಿನಗೇ ತಿಳಿಯುತ್ತದೆ ಅನ್ನುವ ಧಾಟಿ. ಈ ಹಾಡಿಗೆ ಅಷ್ಟು ಚೆಂದದ ಗಿಟಾರ್ ನುಡಿಸಿದ್ದು ಯಾರು? ಲಿಂಡ್ಸೆಯೇ. ಅಮೆರಿಕದಲ್ಲಿ ಈ ತಂಡಕ್ಕೆ ನಂಬರ್ ಒನ್ ಸ್ಥಾನ ತಂದುಕೊಟ್ಟದ್ದು ಇದೊಂದೇ ಹಾಡು.

ಕ್ರಿಸ್ಟೀನ್ ವಿಷಯ ಇನ್ನೂ ಕಷ್ಟದ್ದು. ‘ಯು ಮೇಕ್ ಲವಿಂಗ್ ಫನ್’ ಹೊಸ ಗೆಳೆಯನ ಮೇಲೆ ಬರೆದ ಹಾಡು. ಗಂಡನಿಗೆ ಮಾತ್ರ ಇದು ನಮ್ಮ ನಾಯಿಯ ಮೇಲೆ ಬರೆದದ್ದು ಅಂತ ಹೇಳಿದ್ದರು. ಅದಕ್ಕೆ ಬೇಸ್ ನುಡಿಸಿದ್ದು ಆ ಗಂಡನೇ.

ಹಾಗಾಗಿ ನನ್ನ ಮಾತು ಇಷ್ಟು. ಸಾಹಿತ್ಯವನ್ನು ಪೇಪರಿನ ಮೇಲೆ ಓದಿ ತೀರ್ಪು ಕೊಡಬೇಡಿ. ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಆ ಹೊತ್ತಿಗೆ ಉಳಿದವರು ಹಿಂದೆ ಏನು ನುಡಿಸುತ್ತಿದ್ದಾರೆ ಅನ್ನುವುದನ್ನೂ ಕೇಳಿ. ನಿಮಗೆ ಹೀಗೆ ಅನಿಸಿದ ಬೇರೆ ಹಾಡುಗಳಿದ್ದರೆ ಬರೆಯಿರಿ.

ಹಾಸ್ಟೆಲ್ ರೂಂ, ದಾವಣಗೆರೆ

ಅಣ್ಣ, ನಾಯಿ ವಿಷಯ ನಿಜಾನಾ? ಅವರಿಗೆ ನಿಜ ಗೊತ್ತಾದ ಮೇಲೆ ತಂಡ ಬಿಟ್ಟು ಹೋಗಲಿಲ್ಲವಾ?

ಆರನೇ ತಂತಿ

ನಿಜ ತಮ್ಮಾ, ಕ್ರಿಸ್ಟೀನ್ ಅವರೇ ಹೇಳಿಕೊಂಡದ್ದು. ಜಾನ್ ಬಿಡಲಿಲ್ಲ. ಆ ಬೇಸ್ ಕೇಳು, ಎಲ್ಲೂ ಬೇಸರದ ಕೆಲಸ ಅನಿಸುವುದಿಲ್ಲ.

ಚಂದ್ರವಳ್ಳಿ, ಚಿತ್ರದುರ್ಗ

ತಂತಿಯವರೇ, ಓದಿ ಖುಷಿಯಾಯಿತು, ಆದರೆ ನಾನು ಒಪ್ಪುವುದಿಲ್ಲ. ಹಾಡು ಅರ್ಥ ಆಗಬೇಕಾದರೆ ಬರೆದವರ ಮನೆ ಜಗಳ ನಮಗೆ ಗೊತ್ತಿರಲೇಬೇಕಾ? ಹಾಗಾದರೆ ಅದು ಹಾಡಿನ ಬಲ ಅಲ್ಲ, ಸುದ್ದಿಯ ಬಲ.

ಪರ್ಲ್ ಜ್ಯಾಮ್ ತಂಡದ ‘ಬ್ಲ್ಯಾಕ್’ ತಗೊಳ್ಳಿ. 1991ರ ‘ಟೆನ್’ ಆಲ್ಬಮ್ಮಿನದು. ಅದರ ಗಾಯಕ ಎಡ್ಡಿ ವೆಡ್ಡರ್ ಯಾರನ್ನು ನೆನೆದು ಬರೆದರು ಅಂತ ತಿಳಿಯದೆಯೇ ನಾನು ಕಾಲೇಜಿನ ದಿನಗಳಲ್ಲಿ ಅದನ್ನು ಕೇಳಿದ್ದು. ಇವತ್ತಿಗೂ ಆ ಹೆಸರು ನನಗೆ ಬೇಕಿಲ್ಲ. ಹಾಡೇ ಎಲ್ಲ ಹೇಳುತ್ತದೆ.

ಶುರುವಿನಲ್ಲಿ ಖಾಲಿ ಕ್ಯಾನ್‌ವಾಸು, ಕೈ ಮುಟ್ಟದ ಜೇಡಿಮಣ್ಣು. ಅಂದರೆ ಏನೋ ಮಾಡಬಹುದಾಗಿತ್ತು, ಮಾಡಲಿಲ್ಲ. ಆಮೇಲೆ ತನ್ನ ಲೋಕವೆಲ್ಲ ಅವಳ ಸುತ್ತ ತಿರುಗುತ್ತಿತ್ತು ಅನ್ನುತ್ತಾನೆ, ಭೂಮಿ ಸೂರ್ಯನ ಸುತ್ತ ತಿರುಗುವ ಹಾಗೆ. ಆಮೇಲೆ ಗಾಳಿಯ ದಿಕ್ಕೇ ಬದಲಾಗುತ್ತದೆ. ಅವಳು ಹೀಗೆ ಮಾಡಿದಳು, ಹಾಗೆ ಮಾಡಿದಳು ಅಂತ ಎಲ್ಲೂ ಇಲ್ಲ. ಗಮನಿಸಿದ್ದೀರಾ? ದೂರು ಇಲ್ಲದ ಬ್ರೇಕಪ್ ಹಾಡು ಎಷ್ಟಿವೆ ಹೇಳಿ.

ನಡುವೆ ಒಂದು ಸಾಲಿನಲ್ಲಿ ಅವನು ಹೊರಗೆ ನಡೆದು ಹೋಗುತ್ತಾನೆ. ಸುತ್ತ ಮಕ್ಕಳು ಆಡುತ್ತಿದ್ದಾರೆ, ಅವರ ನಗು ಅವನಿಗೆ ತಾಗುತ್ತದೆ, ಆದರೂ ಒಳಗೆ ಉರಿ. ಇದು ನನಗೆ ತುಂಬಾ ನಿಜ ಅನಿಸುತ್ತದೆ. ದುಃಖ ಇದ್ದಾಗ ಊರೇನು ಅಳುತ್ತಾ ಕೂರುವುದಿಲ್ಲ. ಸಂತೆ ಹೊಂಡದ ಕಡೆ ಗಾಡಿಗಳು ಓಡಾಡುತ್ತಲೇ ಇರುತ್ತವೆ, ಯಾರದೋ ಮನೆಯಲ್ಲಿ ಕುಕ್ಕರ್ ಕೂಗುತ್ತಲೇ ಇರುತ್ತದೆ. ನೋವು ಜಾಸ್ತಿಯಾಗುವುದೇ ಆವಾಗ.

ಕೊನೆಗೆ ಅವನು ಕೇಳುವುದು ಒಂದೇ ಪ್ರಶ್ನೆ. ನೀನು ಮುಂದೆ ಚೆನ್ನಾಗಿ ಬದುಕುತ್ತೀಯಾ, ಬೇರೆ ಯಾರದೋ ಆಕಾಶದಲ್ಲಿ ಬೆಳಗುತ್ತೀಯಾ, ಗೊತ್ತು. ಆದರೆ ಅದು ನನ್ನದು ಯಾಕಾಗಲಿಲ್ಲ? ಅಲ್ಲಿಗೆ ಮಾತು ಮುಗಿಯುತ್ತದೆ. ಹಾಡು ಮುಗಿಯುವುದಿಲ್ಲ. ಬರೀ ದನಿಯ ಎಳೆತ, ಅದರ ಜೊತೆ ಗಿಟಾರು. ಅರ್ಥ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಆ ಕೊನೆಯ ಭಾಗ ಹಾಕಿ ಕೇಳಿಸುತ್ತೇನೆ.

ಈ ಹಾಡನ್ನು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಹೊರತರಲು ರೆಕಾರ್ಡ್ ಕಂಪನಿಯವರು ಎಷ್ಟು ಕೇಳಿದರೂ ತಂಡ ಒಪ್ಪಲಿಲ್ಲ. ತೀರಾ ಸ್ವಂತದ್ದು ಅನ್ನುವುದೇ ಕಾರಣ. ಹಾಗೆ ಕಾಪಾಡಿಕೊಂಡ ಹಾಡಿಗೆ ನಾವು ಹೋಗಿ ಅದು ಯಾರು, ಯಾವ ಹುಡುಗಿ ಅಂತ ಹುಡುಕುವುದು ಸರಿ ಕಾಣುವುದಿಲ್ಲ.

ಆರನೇ ತಂತಿ

ಮೇಡಂ, ದೂರೇ ಇಲ್ಲ ಅನ್ನುವುದನ್ನು ಚೆನ್ನಾಗಿ ಹಿಡಿದಿದ್ದೀರಿ. ಅವಳ ಹೆಸರು ಬೇಡ ಅನ್ನುವುದೂ ಸರಿ. ಆದರೆ ಅಲ್ಲಿಯೂ ಕೊನೆಯ ಮಾತು ಹೇಳಿದ್ದು ಸಂಗೀತವೇ ಅಲ್ವಾ? ಪೇಪರಿನ ಮೇಲೆ ಓದಿದರೆ ಹಾಡು ಪ್ರಶ್ನೆಗೇ ನಿಂತುಬಿಡುತ್ತದೆ.

ರಿಸೆಪ್ಷನ್ ಕೀಬೋರ್ಡ್, ದಾವಣಗೆರೆ

ನಾನು ಮದುವೆ ರಿಸೆಪ್ಷನ್‌ಗಳಿಗೆ ಕೀಬೋರ್ಡ್ ನುಡಿಸುವವನು. ಸಾಹಿತ್ಯದ ಪಂಡಿತ ಅಲ್ಲ, ಸ್ವರದ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಈಗ ಕೆಲವು ಮನೆಯವರು ಇಂಗ್ಲಿಷ್ ಹಾಡೂ ಇರಲಿ ಅಂತ ಕೇಳುತ್ತಾರೆ. ಪಟ್ಟಿಯಲ್ಲಿ ದಿ ಪೊಲೀಸ್ ತಂಡದ ‘ಎವೆರಿ ಬ್ರೆತ್ ಯು ಟೇಕ್’ ಇದ್ದೇ ಇರುತ್ತದೆ. ಗಂಡು ಹೆಣ್ಣು ಕೇಕ್ ಕತ್ತರಿಸುವಾಗ ಇದನ್ನೇ ನುಡಿಸಿ ಅನ್ನುತ್ತಾರೆ. ನಾನು ಆದಷ್ಟು ಬೇರೆ ಹಾಡು ಸೂಚಿಸುತ್ತೇನೆ. ಯಾಕೆಂದರೆ ಅದು ಬಿಟ್ಟು ಹೋದವಳನ್ನು ಬಿಡದೆ ಕಣ್ಣಿಟ್ಟು ಕಾಯುವವನ ಹಾಡು. ನಿನ್ನ ಪ್ರತಿ ಹೆಜ್ಜೆ ನೋಡುತ್ತಿರುತ್ತೇನೆ, ನೀನು ನನ್ನವಳೇ ಅನ್ನುವ ಮಾತು ಅದು. 1982ರಲ್ಲಿ ಮೊದಲ ಮದುವೆ ಮುರಿಯುತ್ತಿದ್ದಾಗ ತಂಡದ ಗಾಯಕ ಸ್ಟಿಂಗ್ ಅದನ್ನು ಬರೆದರು. ಜನ ಇದನ್ನು ಸಿಹಿಯಾದ ಪ್ರೇಮಗೀತೆ ಅಂದುಕೊಂಡಿದ್ದಾರೆ, ಅದು ನಿಜಕ್ಕೂ ಕೆಟ್ಟ ಹಾಡು ಅನ್ನುವ ಅರ್ಥದಲ್ಲಿ ಅವರೇ ಎಷ್ಟೋ ಸಲ ಹೇಳಿದ್ದಾರೆ. 1983ರಲ್ಲಿ ಅಮೆರಿಕದಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು.

ಜನ ಯಾಕೆ ಹಾಗೆ ಅಂದುಕೊಳ್ಳುತ್ತಾರೆ ಅಂದರೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಹಾಗಿವೆ. ಎ ಇಂದ ಹಿಡಿದರೆ ಎ, ಎಫ್ ಶಾರ್ಪ್ ಮೈನರ್, ಡಿ, ಇ. ಹಳೇ ಕಾಲದ ಮುದ್ದಾದ ಪ್ರೇಮಗೀತೆಗಳೆಲ್ಲ ಓಡಾಡುವ ದಾರಿ ಅದು. ತಂಡದ ಗಿಟಾರಿನ ಆ್ಯಂಡಿ ಸಮರ್ಸ್ ಅದನ್ನು ಬಿಡಿಬಿಡಿಯಾಗಿ, ಒಂದೇ ಸಮನೆ, ಎಲ್ಲೂ ತಪ್ಪದ ಹಾಗೆ ಮೀಟುತ್ತಾರೆ. ಮೊದಲು ಇಂಪು ಅನಿಸುತ್ತದೆ. ಸ್ವಲ್ಪ ಹೊತ್ತು ಕೇಳಿ. ಬೆನ್ನು ಬಿಡದೆ ಬರುವ ಹೆಜ್ಜೆ ಅನಿಸುತ್ತದೆ. ಮಾತು ಸಿಹಿ ಅಲ್ಲ, ರಾಗ ಸಿಹಿ. ಎರಡೂ ಸೇರಿದ್ದಕ್ಕೇ ಭಯ.

ತಂತಿಯಣ್ಣ ಹೇಳಿದ ‘ಡ್ರೀಮ್ಸ್’ ನೋಡಿ. ಹೆಚ್ಚು ಕಡಿಮೆ ಇಡೀ ಹಾಡು ಎಫ್, ಜಿ ಅನ್ನುವ ಎರಡೇ ಕಾರ್ಡ್ ಮೇಲೆ ನಿಂತಿದೆ. ಎಫ್ ಆದ ಮೇಲೆ ಜಿ ಬಂದರೆ ಕಿವಿ ಸಿ ಕಾರ್ಡಿಗೆ ಕಾಯುತ್ತದೆ, ಮನೆಗೆ ಬಂದು ಕೂರಲಿಕ್ಕೆ. ಆ ಸಿ ಬರುವುದೇ ಇಲ್ಲ. ಮತ್ತೆ ಎಫ್, ಮತ್ತೆ ಜಿ. ಸಮಾಧಾನದಲ್ಲಿ ಹೇಳಿದ ಹಾಗೆ ಕಾಣುವ ಮಾತಿಗೆ ಕೆಳಗೆ ನೆಲ ಇಲ್ಲ. ಸ್ಟೀವಿ ಒಳಗೆ ಎಷ್ಟು ತಳಮಳ ಇತ್ತು ಅಂತ ನನಗೆ ಆ ಎರಡು ಕಾರ್ಡ್‌ಗಳೇ ಹೇಳಿದವು, ಅವರ ಕಥೆ ಓದುವ ಮೊದಲೇ. ಹಾಗಾಗಿ ಚಂದ್ರವಳ್ಳಿ ಮೇಡಂ ಮಾತೂ ಸರಿ.

ಹಾಸ್ಟೆಲ್ ರೂಂ

ನಮ್ಮ ಹಾಸ್ಟೆಲಿನಲ್ಲಿ ಬ್ರೇಕಪ್ ಆದವರು ರಾತ್ರಿ ಹಾಕುವುದು ಮೂರು ಹಾಡು. ‘ಟಿಯರ್ಸ್ ಇನ್ ಹೆವನ್’, ‘ವಿಶ್ ಯು ವರ್ ಹಿಯರ್’, ‘ನಥಿಂಗ್ ಎಲ್ಸ್ ಮ್ಯಾಟರ್ಸ್’. ಇವುಗಳ ಬಗ್ಗೆಯೂ ಹೇಳಿ.

ಆರನೇ ತಂತಿ

ತಮ್ಮಾ, ಮೂರರಲ್ಲಿ ಒಂದೂ ಬ್ರೇಕಪ್ ಹಾಡಲ್ಲ.

‘ಟಿಯರ್ಸ್ ಇನ್ ಹೆವನ್’ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲಾಪ್ಟನ್ ತಮ್ಮ ಮಗನ ಮೇಲೆ ಬರೆದದ್ದು. 1991ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಒಂದು ಎತ್ತರದ ಕಟ್ಟಡದ 53ನೇ ಮಹಡಿಯ ಕಿಟಕಿಯಿಂದ ಬಿದ್ದು ಆ ಮಗು ತೀರಿಕೊಂಡಿತು. ನಾಲ್ಕು ವರ್ಷ ವಯಸ್ಸು. ಅಲ್ಲಿ ಸಿಕ್ಕರೆ ನನ್ನ ಗುರುತು ಹಿಡಿಯುತ್ತೀಯಾ ಅಂತ ಅಪ್ಪ ಕೇಳುತ್ತಿದ್ದಾನೆ. ಈ ಒಂದು ಹಾಡಿಗಾದರೂ ಹಿನ್ನೆಲೆ ತಿಳಿದಿರಬೇಕು ಅಂತ ನಾನು ಹಟ ಹಿಡಿಯುತ್ತೇನೆ.

‘ನಥಿಂಗ್ ಎಲ್ಸ್ ಮ್ಯಾಟರ್ಸ್’ ದೂರದ ಹಾಡು, ಮುರಿದದ್ದರ ಹಾಡಲ್ಲ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಊರೂರು ತಿರುಗುವಾಗ ಗೆಳತಿಯನ್ನು ನೆನೆದು ತಮಗಾಗಿ ಕಟ್ಟಿಕೊಂಡದ್ದು. ಶುರುವಿನಲ್ಲಿ ಎಡಗೈ ಎಲ್ಲೂ ಒತ್ತುವುದಿಲ್ಲ, ಬರೀ ತೆರೆದ ತಂತಿಗಳು. ಒಂದು ಕೈಯಲ್ಲಿ ಫೋನ್ ಹಿಡಿದಿದ್ದರು, ಇನ್ನೊಂದು ಕೈ ತಂತಿ ಮೀಟುತ್ತಿತ್ತು, ಹಾಗೆ ಹುಟ್ಟಿದ್ದು.

‘ವಿಶ್ ಯು ವರ್ ಹಿಯರ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1975ರ ಅದೇ ಹೆಸರಿನ ಆಲ್ಬಮ್ ತುಂಬಾ ಪಿಂಕ್ ಫ್ಲಾಯ್ಡ್ ತಂಡದ ಹಳೇ ಗೆಳೆಯ ಸಿಡ್ ಬ್ಯಾರೆಟ್ ನೆರಳಿದೆ. ತಂಡ ಕಟ್ಟಿದವರಲ್ಲಿ ಒಬ್ಬರು. ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ತಂಡದಿಂದ ಹೊರಗೆ ಉಳಿದರು. 1975ರ ಜೂನ್ 5ರಂದು ಆಬಿ ರೋಡ್ ಸ್ಟುಡಿಯೋದಲ್ಲಿ ಅವರ ಮೇಲಿನ ಹಾಡಿನ ಕೆಲಸ ನಡೆಯುತ್ತಿದ್ದಾಗ ಅವರೇ ಬಂದು ನಿಂತರು. ಮೈ ದಪ್ಪಗಾಗಿತ್ತು, ತಲೆ, ಹುಬ್ಬು ಬೋಳಿಸಿಕೊಂಡಿದ್ದರು. ಜೊತೆಗೆ ಬೆಳೆದವರಿಗೇ ಗುರುತು ಸಿಗಲಿಲ್ಲ. ಜೀವಂತ ಇರುವವರನ್ನು ಕಳೆದುಕೊಳ್ಳುವುದು ಅಂದರೆ ಇದೇ. ಪ್ರೀತಿ ಮುರಿದವರಿಗೆ ಈ ಹಾಡು ತಾಗುವುದೂ ಅದಕ್ಕೇ ಇರಬೇಕು. ಹಾಡಿನ ಮೊದಲ ಗಿಟಾರ್ ಹಳೇ ರೇಡಿಯೋದಿಂದ ಬಂದ ಹಾಗೆ ತೆಳ್ಳಗೆ ಕೇಳುತ್ತದೆ. ಆಮೇಲೆ ಇನ್ನೊಂದು ಗಿಟಾರ್ ಕೋಣೆಯಲ್ಲೇ ಕೂತು ಅದಕ್ಕೆ ಜೊತೆ ಕೊಡುತ್ತದೆ. ಒಬ್ಬರು ದೂರದಲ್ಲಿ, ಒಬ್ಬರು ಇಲ್ಲಿ. ಸಾಹಿತ್ಯ ಶುರುವಾಗುವ ಮೊದಲೇ ವಿಷಯ ಗೊತ್ತಾಗುತ್ತದೆ.

ಹಾಸ್ಟೆಲ್ ರೂಂ

ಮಗುವಿನ ವಿಷಯ ಗೊತ್ತಿರಲಿಲ್ಲ ಅಣ್ಣ. ಇವತ್ತು ರೂಮಿನಲ್ಲಿ ಎಲ್ಲರಿಗೂ ಹೇಳುತ್ತೇನೆ.

ಹಳೇ ಕ್ಯಾಸೆಟ್, ಚಿತ್ರದುರ್ಗ

ನಾನು ನಿಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ದೊಡ್ಡವನು ಅನಿಸುತ್ತದೆ. ಒಂದು ವಿಷಯ ಹೇಳಬೇಕು ಕಣ್ರಪ್ಪ.

ನಮಗೆ ಸಿನಿಮಾ ಹಾಡು ಕೇಳಿ ಅಭ್ಯಾಸ. ಅಲ್ಲಿ ಯಾರು ಯಾರಿಗೆ ಹಾಡುತ್ತಿದ್ದಾರೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. 1972ರ ‘ನಾಗರಹಾವು’ ನಮ್ಮ ಕೋಟೆಯಲ್ಲೇ ತೆಗೆದದ್ದು. ಅದರಲ್ಲಿ ರಾಮಾಚಾರಿ ಹಾಡಿದರೆ ಅದು ಅಲಮೇಲುಗೆ ಅಂತ ಊರಿಗೇ ಗೊತ್ತು. ಅವಳು ಯಾಕೆ ಸಿಗಲಿಲ್ಲ, ಮೇಷ್ಟರು ಏನು ಹೇಳಿದರು, ಎಲ್ಲ ತೆರೆ ಮೇಲೆ ಇದೆ. ಹಾಡು ಆ ಕಥೆಯ ಹೆಗಲ ಮೇಲೆ ಕೂತಿರುತ್ತದೆ. ರಾಕ್ ಹಾಡಿಗೆ ಆ ಹೆಗಲಿಲ್ಲ. ಅದಕ್ಕೇ ಕೇಳುವವರು ಹಿನ್ನೆಲೆ ಹುಡುಕುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ ಚಂದ್ರವಳ್ಳಿಯಮ್ಮ.

ಇನ್ನೂ ಹಿಂದೆ ಹೋದರೆ ವಚನ ಇದೆ. ಅಕ್ಕಮಹಾದೇವಿ ಎಷ್ಟು ವಿರಹ ಹೇಳಿಕೊಂಡರೂ ಕೊನೆಗೆ ಚೆನ್ನಮಲ್ಲಿಕಾರ್ಜುನ ಅನ್ನುವ ಅಂಕಿತ ಬರುತ್ತದೆ. ಯಾರಿಗೆ ಈ ಮಾತು ಅಂತ ಅಂಕಿತವೇ ಹೇಳಿಬಿಡುತ್ತದೆ. ಇವರ ಹಾಡುಗಳಲ್ಲಿ ಅಂಕಿತ ಇಲ್ಲ. ಅಂಕಿತ ಇರಬೇಕಾದ ಜಾಗ ಖಾಲಿ, ಅಲ್ಲಿ ಪ್ರತಿಯೊಬ್ಬರೂ ತಮ್ಮವರ ಹೆಸರು ಇಟ್ಟುಕೊಳ್ಳುತ್ತಾರೆ.

ಹೆಸರು ಇಟ್ಟೇ ಬರೆದ ಒಂದು ಹಾಡಿದೆ, ‘ಲೈಲಾ’. ಅದೂ ನಿಜವಾದ ಹೆಸರಲ್ಲ. ಕ್ಲಾಪ್ಟನ್ ತನ್ನ ಗೆಳೆಯ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಹೆಂಡತಿ ಪ್ಯಾಟಿ ಬಾಯ್ಡ್ ಮೇಲೆ ಮನಸ್ಸಿಟ್ಟಿದ್ದರು. ಹೆಸರು ಹೇಳುವ ಹಾಗಿಲ್ಲ. ಹನ್ನೆರಡನೇ ಶತಮಾನದ ಪರ್ಷಿಯನ್ ಕವಿ ನಿಜಾಮಿ ಬರೆದ ಲೈಲಾ ಮಜ್ನು ಕಥೆಯಿಂದ ಹೆಸರು ತಗೊಂಡರು. 1970ರ ಆ ಹಾಡು ಕೇಳಿ. ಗಿಟಾರ್‌ಗಳು ಬಾಗಿಲು ಬಡಿಯುತ್ತವೆ. ಬೇಡುತ್ತಾನೆ, ಅಂಗಲಾಚುತ್ತಾನೆ. ಆಮೇಲೆ ಎಲ್ಲ ನಿಂತು ಪಿಯಾನೋ ಬರುತ್ತದೆ, ಅದರ ಮೇಲೆ ಡ್ಯುವೇನ್ ಆಲ್ಮನ್ ಅನ್ನುವ ಗಿಟಾರ್ ವಾದಕರ ಸ್ಲೈಡ್ ಗಿಟಾರ್, ತಂತಿಯ ಮೇಲೆ ಜಾರಿಸಿ ನುಡಿಸುವುದು.

ಈಗ 1992ರ ‘ಅನ್‌ಪ್ಲಗ್ಡ್’ ಆಲ್ಬಮ್ಮಿನಲ್ಲಿ ಅದನ್ನೇ ಕೇಳಿ. ಸಾಹಿತ್ಯ ಅದೇ. ನಿಧಾನ, ಕುರ್ಚಿಯ ಮೇಲೆ ಕೂತು, ಮರದ ಗಿಟಾರ್. ಅಷ್ಟರಲ್ಲಿ ಪ್ಯಾಟಿ ಜಾರ್ಜ್ ಅವರನ್ನು ಬಿಟ್ಟು, 1979ರಲ್ಲಿ ಕ್ಲಾಪ್ಟನ್ ಅವರನ್ನು ಮದುವೆಯಾಗಿ, ಆ ಮದುವೆಯೂ ಮುರಿದಿತ್ತು. ಮೊದಲ ಸಲ ಅದು ಬೇಡಿಕೆ. ಎರಡನೇ ಸಲ ಬೇಡಿದ್ದು ಸಿಕ್ಕು, ಕೈ ತಪ್ಪಿ ಹೋದ ಮೇಲಿನ ನೆನಪು. ಒಂದಕ್ಷರ ಬದಲಾಗದೆ ಹಾಡಿನ ಅರ್ಥ ಬದಲಾಯಿತು. ಆ ಎರಡನ್ನೂ ಒಂದರ ಹಿಂದೆ ಒಂದು ಕೇಳಿದವನಿಗೆ ನಾನು ಬೇರೆ ಏನೂ ವಿವರಿಸಬೇಕಿಲ್ಲ.

ಚಂದ್ರವಳ್ಳಿ

ಹಳೇ ಕ್ಯಾಸೆಟ್ ಸರ್, ಅಂಕಿತದ ಮಾತು ನನಗೆ ತುಂಬಾ ಹಿಡಿಸಿತು. ಆದರೆ ಲೈಲಾ ವಿಷಯದಲ್ಲಿ ಒಬ್ಬರನ್ನು ಮರೆತು ಮಾತಾಡುತ್ತಿದ್ದೇವೆ. ಎರಡೂ ಸಲ ಹಾಡಿದ್ದು ಕ್ಲಾಪ್ಟನ್ ಅವರೇ. ಪ್ಯಾಟಿಗೆ ಉತ್ತರ ಕೊಡುವ ಸಾಲು ಒಂದೂ ಇಲ್ಲ. ಅವರು ತಮ್ಮ ಬದುಕಿನ ಕಥೆ ಬರೆದದ್ದು 2007ರಲ್ಲಿ. ಅಲ್ಲಿಯವರೆಗೆ ಜಗತ್ತಿಗೆ ಅವರು ಬರೀ ಹಾಡಿನ ಹುಡುಗಿ.

ಇದನ್ನು ತಿಳಿಯಲು ಪುಸ್ತಕ ಓದಬೇಕಿಲ್ಲ ಅನ್ನುವುದು ನನ್ನ ವಾದ. ಹಾಡಿನಲ್ಲೇ ಇದೆ. ಅವನು ಕೇಳುತ್ತಲೇ ಇರುತ್ತಾನೆ, ಅವಳು ಬಾಯಿ ಬಿಡುವುದಿಲ್ಲ. ಪಿಯಾನೋ ಬರುವ ಹೊತ್ತಿಗೂ ಉತ್ತರ ಬಂದಿಲ್ಲ. ‘ಎವೆರಿ ಬ್ರೆತ್’ ಹಾಡಿನಲ್ಲೂ ಅಷ್ಟೇ, ಅವಳು ಎಲ್ಲೋ ಬಾಗಿಲು ಹಾಕಿಕೊಂಡಿದ್ದಾಳೆ. ಸುಮ್ಮನಿರುವವರು ಹಾಡಿನ ಹೊರಗಿಲ್ಲ, ಒಳಗೇ ಇದ್ದಾರೆ. ಇಂಥ ಹಾಡು ಕೇಳುವಾಗ ನಮ್ಮ ಹುಡುಗರು ಹಾಡುವವನ ಪಕ್ಕ ಹೋಗಿ ನಿಲ್ಲುತ್ತಾರೆ. ಒಂದು ಸಲ ಕೇಳಿಸಿಕೊಳ್ಳುವವಳ ಜಾಗದಲ್ಲಿ ನಿಂತು ಕೇಳಲಿ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿಸಿಕೊಳ್ಳುವುದು ಹೇಗಿರುತ್ತದೆ ಅಂತ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು.

ಆರನೇ ತಂತಿ

ಮೇಡಂ, ನಾನು ‘ರೂಮರ್ಸ್’ ಹಿಡಿದದ್ದೂ ಇದಕ್ಕೇ. ಅಲ್ಲಿ ಹೆಣ್ಣಿನ ಉತ್ತರವೂ ಅದೇ ರೆಕಾರ್ಡ್ ತಟ್ಟೆಯ ಮೇಲಿದೆ. ಆದರೆ ಅಲ್ಲಿಯೂ ಪೂರ್ತಿ ನ್ಯಾಯ ಆಗಲಿಲ್ಲ. ಸ್ಟೀವಿ ‘ಸಿಲ್ವರ್ ಸ್ಪ್ರಿಂಗ್ಸ್’ ಅಂತ ಇನ್ನೊಂದು ಹಾಡು ಬರೆದಿದ್ದರು. ಉದ್ದ ಜಾಸ್ತಿ ಆಯಿತು, ಎಲ್‌ಪಿಯಲ್ಲಿ ಜಾಗ ಸಾಲದು ಅಂತ ತೆಗೆದರು. ಕೊನೆಗೆ ಅದು ಬಂದದ್ದು ಎಲ್ಲಿ ಗೊತ್ತಾ? ‘ಗೋ ಯುವರ್ ಓನ್ ವೇ’ ಸಿಂಗಲ್ಲಿನ ಹಿಂಬದಿಯಲ್ಲಿ. ಅವನ ಮಾತು ಮುಂದೆ, ಅವಳ ಮಾತು ಅದೇ ತಟ್ಟೆಯ ಬೆನ್ನಿಗೆ.

1997ರಲ್ಲಿ ಐವರೂ ಮತ್ತೆ ಸೇರಿ ‘ದಿ ಡ್ಯಾನ್ಸ್’ ಕಾರ್ಯಕ್ರಮ ಕೊಟ್ಟರು. ಅದರಲ್ಲಿ ಈ ಹಾಡಿನ ಕೊನೆ ಭಾಗ ನೋಡಿ. ಸ್ಟೀವಿ ಲಿಂಡ್ಸೆ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ಹಾಡುತ್ತಾರೆ. ನನ್ನ ದನಿಯಿಂದ ನಿನಗೆ ಬಿಡುಗಡೆ ಇಲ್ಲ ಅನ್ನುವ ಸಾಲು ಅದು. ಇಪ್ಪತ್ತು ವರ್ಷ ಆದ ಮೇಲೆ. ಅವರು ಗಿಟಾರ್ ನುಡಿಸುತ್ತಾ ಆ ನೋಟ ತಪ್ಪಿಸದೆ ನಿಂತಿದ್ದಾರೆ, ಜೊತೆಗೆ ಹಾಡುತ್ತಲೂ ಇದ್ದಾರೆ. ಮೊದಲು ಆಕೆ ಅವನ ಹಾಡಿಗೆ ದನಿ ಕೊಟ್ಟಳು, ಇಲ್ಲಿ ಅವನು ಆಕೆಯ ಹಾಡಿಗೆ ಕೊಡುತ್ತಿದ್ದಾನೆ. ಇಷ್ಟು ನೋಡಿಯೂ ತಪ್ಪು ಯಾರದು ಅಂತ ಕೇಳುವವರಿದ್ದರೆ, ನಾನು ಉತ್ತರ ಕೊಡುವುದಿಲ್ಲ. ಇನ್ನೊಂದು ಸಲ ಹಾಕಿ ಕೇಳಿಸುತ್ತೇನೆ.

ರಿಸೆಪ್ಷನ್ ಕೀಬೋರ್ಡ್

ಅಣ್ಣ, ನಮ್ಮ ತಂಡದಲ್ಲಿ ಒಬ್ಬಳು ಒಳ್ಳೆಯ ಹಾಡುಗಾರ್ತಿ ಇದ್ದಾಳೆ. ಮದುವೆ ಮನೆಗಲ್ಲ, ನಮಗಾಗಿಯೇ ಈ ಭಾನುವಾರ ಪ್ರ್ಯಾಕ್ಟೀಸ್ ರೂಮಿನಲ್ಲಿ ‘ಡ್ರೀಮ್ಸ್’, ‘ಗೋ ಯುವರ್ ಓನ್ ವೇ’ ಎರಡನ್ನೂ ಒಂದರ ಹಿಂದೆ ಒಂದು ನುಡಿಸೋಣ ಅಂತಿದ್ದೇವೆ. ಯಾವುದು ಮೊದಲು?

ಆರನೇ ತಂತಿ

ಸಿಂಗಲ್ ಆಗಿ ಮೊದಲು ಬಂದದ್ದು ಅವನದು, 1976ರ ಡಿಸೆಂಬರ್‌ನಲ್ಲಿ. ಜಗಳ ಅಲ್ಲಿಂದ ಶುರು ಮಾಡಿ, ಉತ್ತರ ಆಮೇಲೆ ಬರಲಿ.

ಚಂದ್ರವಳ್ಳಿ

ಆಲ್ಬಮ್ಮಿನಲ್ಲಿ ಹಾಗಿಲ್ಲ. ‘ಡ್ರೀಮ್ಸ್’ ಎರಡನೇ ಹಾಡು, ‘ಗೋ ಯುವರ್ ಓನ್ ವೇ’ ಐದನೆಯದು. ಅವಳ ಎಚ್ಚರಿಕೆ ಮೊದಲು ಕೇಳಲಿ. ಆಮೇಲೆ ಅವನು ಕೂಗಿದರೆ ಆ ಕೂಗಿನಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಕಾಣುತ್ತದೆ. ಅವನ ಕೋರಸ್ಸಿಗೂ ಅವಳೇ ದನಿ ಕೊಡಲಿ, ಅದನ್ನು ಮಾತ್ರ ಬಿಡಬೇಡಿ.

ರಿಸೆಪ್ಷನ್ ಕೀಬೋರ್ಡ್

ಸರಿ ಮೇಡಂ. ಎರಡೂ ಕ್ರಮದಲ್ಲಿ ನುಡಿಸಿ ರೆಕಾರ್ಡ್ ಮಾಡಿ ಇಲ್ಲೇ ಹಾಕುತ್ತೇವೆ. ಕೇಳಿ ಹೇಳಿ.